ಲಾಟರಿಯಲ್ಲಿ ಆರಿಸಿದ ನಾಗರಿಕ ಸಭೆಗಳಿಂದ ನೀತಿ ನಿಜಕ್ಕೂ ಬದಲಾಗುತ್ತದೆಯೇ?

ಬದಲಾಗುತ್ತದೆ, ಶಿಫಾರಸು ಮುಂದೆ ಎಲ್ಲಿಗೆ ಹೋಗಬೇಕೆಂದು ಮೊದಲೇ ಗೊತ್ತುಮಾಡಿದ್ದರೆ. ಐರ್ಲೆಂಡಿನಲ್ಲಿ ಹೀಗೆ ಚೀಟಿ ಎತ್ತಿ ಆರಿಸಿದ 99 ಸಾಮಾನ್ಯ ನಾಗರಿಕರು ಸಭೆಯ ಅಧ್ಯಕ್ಷೆಯೊಂದಿಗೆ ಕೂತು ಗರ್ಭಪಾತದ ಕಾನೂನನ್ನು ಐದು ವಾರಾಂತ್ಯ ಚರ್ಚಿಸಿದರು. ವರದಿ ಸಂಸದೀಯ ಸಮಿತಿಗೆ ಹೋಯಿತು. 2018ರ ಜನಮತಗಣನೆಯಲ್ಲಿ ಶೇ 66.4 ಮಂದಿ ಸಂವಿಧಾನದ ನಿರ್ಬಂಧ ತೆಗೆಯಲು ಒಪ್ಪಿದರು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಇಂಥದೇ ಸಭೆ ಸೂಚಿಸಿದ ಚುನಾವಣಾ ಪದ್ಧತಿಗೆ 2005ರಲ್ಲಿ ಶೇ 57.7 ಮತ ಬಂದರೂ, ಶೇ 60ರ ಗಡಿ ದಾಟದೆ ಬಿದ್ದುಹೋಯಿತು.

ಎಡವುವುದು ಹೆಚ್ಚಾಗಿ ಆಯ್ಕೆಯಲ್ಲೇ. ಮೊದಲ ಚೀಟಿಯಲ್ಲಿ ಹೆಸರು ಬಂದವರಿಗೆ ಆಹ್ವಾನ ಪತ್ರ ಹೋದಾಗ ಒಪ್ಪುವವರು ಹೆಚ್ಚಾಗಿ ಮೊದಲೇ ರಾಜಕೀಯದಲ್ಲಿ ಆಸಕ್ತಿಯುಳ್ಳವರು, ಓದಿದವರು. ಹಾಗಾಗಿ ಒಪ್ಪಿದವರೊಳಗೆ ವಯಸ್ಸು, ಲಿಂಗ, ಪ್ರದೇಶದ ಜೊತೆ ಶಿಕ್ಷಣವನ್ನೂ ನೋಡಿ ಎರಡನೇ ಸಲ ಚೀಟಿ ಎತ್ತಬೇಕು. ದಿನಗೂಲಿಯವರು ಬರಬೇಕೆಂದರೆ ಭತ್ಯೆ ಕೊಡಲೇಬೇಕು. ಇದರಲ್ಲಿ ಜಿಪುಣತನ ಮಾಡಿದರೆ ಸಭೆಯ ಪ್ರಾತಿನಿಧ್ಯವೇ ಹೋಗುತ್ತದೆ.