ಪತ್ರಿಕೆ ಕೊಡುವವರ ಪಟ್ಟಿಯೂ ಫೇಸ್‌ಬುಕ್ಕಿನ ಪಟ್ಟಿಯೂ

ಪ್ರಶ್ನೆ: ನಾನು 48 ವರ್ಷದ ಪ್ರೌಢಶಾಲಾ ಶಿಕ್ಷಕಿ. 2011ರಲ್ಲಿ ಫೇಸ್‌ಬುಕ್ ಖಾತೆ ತೆರೆದೆ. ಈಗ ಅದರಲ್ಲಿ 1,340 ಮಂದಿ ಸ್ನೇಹಿತರಿದ್ದಾರೆ. ಬೆಳಗ್ಗೆ ಎದ್ದು ಮೊಬೈಲ್ ನೋಡಿದರೆ ಯಾರದೋ ಜಗಳ, ಯಾರದೋ ಗೃಹಪ್ರವೇಶ, ಯಾರಿಗೋ ಶ್ರದ್ಧಾಂಜಲಿ; ಶಾಲೆಗೆ ಹೊರಡುವ ಹೊತ್ತಿಗೇ ಮನಸ್ಸು ದಣಿದಿರುತ್ತದೆ. ಕಳೆದ ದಸರಾ ರಜೆಯಲ್ಲಿ ಒಂದು ಸಂಜೆ ಕುಳಿತು ಸುಮಾರು 200 ಹೆಸರುಗಳನ್ನು ತೆಗೆದುಹಾಕಿದೆ. ಅವರಲ್ಲಿ ನನ್ನ ದೊಡ್ಡಪ್ಪನ ಮಗನೂ ಇದ್ದರೆಂದು ನನಗೆ ತಿಳಿದದ್ದು, ಆರತಕ್ಷತೆಯೊಂದರಲ್ಲಿ ಅವರು ಎಲ್ಲರ ಎದುರು "ನಾವೆಲ್ಲ ನಿನ್ನ ಲೆಕ್ಕದಲ್ಲಿ ಇಲ್ಲ ಬಿಡಮ್ಮ" ಎಂದಾಗ. ಇನ್ನೊಂದು ಹೆಸರಿನ ಮೇಲೆ ನನ್ನ ಬೆರಳು ನಿಂತುಬಿಟ್ಟಿದೆ. ಹಾಸನದ ಹಾಸ್ಟೆಲಿನಲ್ಲಿ ಮೂರು ವರ್ಷ ನನ್ನೊಡನೆ ಒಂದೇ ಕೋಣೆಯಲ್ಲಿದ್ದ ಗೆಳತಿ ಆಕೆ. ಈಗ ದಿನಕ್ಕೆ ಐದಾರು ಬಾರಿ ರಾಜಕೀಯದ ಕಹಿ ಪೋಸ್ಟ್‌ಗಳನ್ನು ಹಂಚುತ್ತಾಳೆ. ನನ್ನ ಶಾಲೆಯ ಮಕ್ಕಳು ಬಿಡಿಸಿದ ಚಿತ್ರಗಳನ್ನು ನಾನು ಹಾಕಿದಾಗ, ಒಂದು ಮಗುವಿನ ಹೆಸರನ್ನು ನೋಡಿ ಮನಸ್ಸಿಗೆ ನೋವಾಗುವಂಥ ಕಾಮೆಂಟ್ ಬರೆದಳು. ನಾನು ಅದನ್ನು ಅಳಿಸಿದೆ. ಆಮೇಲೆ ಇಬ್ಬರೂ ಅದರ ಮಾತೆತ್ತಿಲ್ಲ. ಇತ್ತ, ಇಂದಿಗೂ ಮುಖತಃ ಭೇಟಿಯಾಗದ ಧಾರವಾಡದ ಒಬ್ಬ ಮಹಿಳೆ, ನನ್ನ ಯಜಮಾನರಿಗೆ ಬೈಪಾಸ್ ಆದಾಗ ಹನ್ನೊಂದು ರಾತ್ರಿ ಬಿಡದೆ ಇನ್‌ಬಾಕ್ಸಿನಲ್ಲಿ ನನ್ನನ್ನು ವಿಚಾರಿಸಿಕೊಂಡರು. ತೀರಿಕೊಂಡ ಸಹೋದ್ಯೋಗಿಯೊಬ್ಬರ ಹುಟ್ಟುಹಬ್ಬವನ್ನು ಮೊಬೈಲ್ ಪ್ರತಿ ವರ್ಷ ನೆನಪಿಸುತ್ತದೆ. ಯಾರನ್ನು ಉಳಿಸಿಕೊಳ್ಳಲಿ, ಯಾರನ್ನು ಬಿಡಲಿ?

ಹೆಸರು ಬೇಡ, ತಿಪಟೂರು

ಉತ್ತರ: ನಿಮ್ಮ ಪತ್ರದಲ್ಲಿ 1,340 ಹೆಸರುಗಳ ಲೆಕ್ಕವಿದ್ದರೂ ನೀವು ಬರೆದಿರುವುದು ನಾಲ್ಕು ಜನರ ಬಗ್ಗೆ. ಉಳಿದವರು ನಿಮ್ಮ ಕಣ್ಣನ್ನು ದಣಿಸುತ್ತಿದ್ದಾರೆ. ಈ ನಾಲ್ವರು ಮನಸ್ಸಿನಲ್ಲಿ ಕುಳಿತಿದ್ದಾರೆ. ಇವೆರಡು ಬೇರೆ ಬೇರೆ ತೊಂದರೆಗಳು, ಮತ್ತು ದಸರಾ ರಜೆಯ ಆ ಸಂಜೆ ನೀವು ಮೊದಲನೆಯ ತೊಂದರೆಗೆ ಎರಡನೆಯದರ ಮದ್ದನ್ನು ಹಾಕಿದಿರಿ ಎಂದು ನನಗೆ ತೋರುತ್ತದೆ.

ನಮ್ಮ ಮನೆಗಳಲ್ಲಿ ಮದುವೆ ಗೊತ್ತಾದ ಕೂಡಲೇ ಪತ್ರಿಕೆ ಕೊಡುವವರ ಪಟ್ಟಿ ಬರೆಯಲು ಕೂರುವುದು ನಿಮಗೂ ಗೊತ್ತಿರುವ ಸಂಗತಿ. ನನ್ನ ತಾಯಿಯ ಬಳಿ ಅದಕ್ಕೆಂದೇ ಒಂದು ನೋಟ್‌ಬುಕ್ ಇತ್ತು. ನಾಲ್ಕು ಮದುವೆಗಳನ್ನು ಕಂಡು ಅದರ ಅಂಚಿಗೆಲ್ಲ ಅರಿಶಿನ ಹತ್ತಿತ್ತು. ಹೆಸರುಗಳ ಮುಂದೆ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದುಕೊಂಡಿದ್ದರು: ಕೆಲವರ ಮುಂದೆ 'ಇಬ್ಬರೂ ಹೋಗಿ', ಕೆಲವರ ಮುಂದೆ 'ಅಂಚೆ', ಇನ್ನು ಕೆಲವರ ಮುಂದೆ 'ಸಿಕ್ಕರೆ'. 'ಸಿಕ್ಕರೆ' ಎಂದು ಬರೆಸಿಕೊಂಡವರ ಮೇಲೆ ಅವರಿಗೆ ಕೋಪವೇನೂ ಇರಲಿಲ್ಲ. ಸಂತೆಯಲ್ಲೋ ಬಸ್ಸಿನಲ್ಲೋ ಸಿಕ್ಕರೆ ನಿಂತು ಮಾತಾಡಿಸಿ, ಖಂಡಿತ ಬನ್ನಿ ಎಂದು ಮನಸಾರೆ ಹೇಳುತ್ತಿದ್ದರು. ಆದರೆ ಅಂಥವರ ಮನೆಯ ಜಗಳವನ್ನು ಬೆಳಗಿನ ಕಾಫಿಯ ಜೊತೆ ಕೇಳಬೇಕಾದ ಪ್ರಮೇಯ ಅವರಿಗೆ ಎಂದೂ ಬರಲಿಲ್ಲ. ಆ ಪುಸ್ತಕದಲ್ಲಿ ಒಂದೇ ಒಂದು ಹೆಸರಿನ ಮುಂದೆ 'ಅಂಚೆ' ಎಂಬುದನ್ನು ಹೊಡೆದುಹಾಕಿ 'ಇಬ್ಬರೂ ಹೋಗಿ' ಎಂದು ತಿದ್ದಿತ್ತು. ನನ್ನ ತಂದೆ ಆಸ್ಪತ್ರೆಯಲ್ಲಿದ್ದಾಗ, ಯಾರೂ ಕೇಳದೆಯೇ ಬಂದು ರಕ್ತ ಕೊಟ್ಟುಹೋದ ಹಿಂದಿನ ಬೀದಿಯವರ ಹೆಸರು ಅದು.

ಫೇಸ್‌ಬುಕ್ ಈ ಪೆನ್ಸಿಲ್ ಗುರುತುಗಳನ್ನೆಲ್ಲ ಅಳಿಸಿ, 5,000 ಮಂದಿಯವರೆಗೆ ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಎಲ್ಲರಿಗೂ ಸ್ನೇಹಿತರೆಂಬ ಒಂದೇ ಹೆಸರಿಟ್ಟಿದೆ. ಮನುಷ್ಯನ ಮನಸ್ಸಿಗೆ ಅಷ್ಟು ದೊಡ್ಡ ಪಂಕ್ತಿಗೆ ಬಡಿಸುವ ಶಕ್ತಿಯಿಲ್ಲ. ಒಬ್ಬ ವ್ಯಕ್ತಿ ನಿಜವಾಗಿ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150, ಅದರೊಳಗೆ ತೀರಾ ಹತ್ತಿರದವರು ಸುಮಾರು 5 ಎಂದು ಬ್ರಿಟನ್ನಿನ ಮಾನವಶಾಸ್ತ್ರಜ್ಞ ರಾಬಿನ್ ಡನ್‌ಬಾರ್ 1990ರ ದಶಕದಿಂದ ಹೇಳುತ್ತ ಬಂದಿದ್ದಾರೆ. ಆ ಅಂಕಿಯನ್ನು ಒಪ್ಪದ ತಜ್ಞರೂ ಇದ್ದಾರೆ. ಆದರೆ ಸಂಬಂಧಗಳಿಗೆ ಒಳಸುತ್ತು ಹೊರಸುತ್ತುಗಳಿರುತ್ತವೆ ಎಂಬುದನ್ನು ಮದುವೆಯ ಪಟ್ಟಿ ಬರೆದ ಯಾರೂ ಅಲ್ಲಗಳೆಯಲಾರರು. ಆದ್ದರಿಂದ ನಿಮ್ಮ ಬೆಳಗಿನ ದಣಿವಿಗೆ ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ. ಅದು ಸ್ನೇಹದಲ್ಲಿ ನಿಮ್ಮ ಕೊರತೆಯನ್ನು ತೋರಿಸುವುದಿಲ್ಲ.

ಈ ದಣಿವಿಗೆ ಹೆಸರು ತೆಗೆಯುವುದಕ್ಕಿಂತ ಮೃದುವಾದ ಉಪಾಯಗಳಿವೆ. ಒಬ್ಬರನ್ನು ಅನ್‌ಫಾಲೊ ಮಾಡಿದರೆ ಅವರು ಸ್ನೇಹಿತರ ಪಟ್ಟಿಯಲ್ಲಿ ಉಳಿಯುತ್ತಾರೆ, ಅವರ ಪೋಸ್ಟ್‌ಗಳು ಮಾತ್ರ ನಿಮ್ಮ ಮುಂದೆ ಬರುವುದಿಲ್ಲ. ಅವರಿಗೆ ಈ ವಿಷಯ ತಿಳಿಸಲಾಗುವುದಿಲ್ಲ. ಸ್ನೂಜ್ ಎಂಬ ಆಯ್ಕೆ 2017ರ ಕೊನೆಯಲ್ಲಿ ಬಂತು. ಚುನಾವಣೆಯ ಕಾಲದಲ್ಲಿ ಮಾತ್ರ ಸಹಿಸಲಾಗದವರನ್ನು ಅದು 30 ದಿನ ಕಣ್ಮರೆಯಾಗಿಸುತ್ತದೆ. ನೀವು ಶಿಕ್ಷಕಿಯಾದ್ದರಿಂದ ಮಕ್ಕಳ ತಂದೆತಾಯಂದಿರೂ ನಿಮ್ಮ ಪಟ್ಟಿಯಲ್ಲಿರಬಹುದು. ಅಂಥವರನ್ನು ರಿಸ್ಟ್ರಿಕ್ಟೆಡ್ ಪಟ್ಟಿಗೆ ಸೇರಿಸಿದರೆ ನೀವು ಎಲ್ಲರಿಗೂ ತೆರೆದಿಟ್ಟದ್ದಷ್ಟೇ ಅವರಿಗೆ ಕಾಣುತ್ತದೆ. ಇವೆಲ್ಲ ನಿಮ್ಮ ತಾಯಿಯೋ ಅಜ್ಜಿಯೋ ಹಾಕಿಕೊಂಡಿರಬಹುದಾದ ಪೆನ್ಸಿಲ್ ಗುರುತುಗಳೇ. ಯಾರ ಮನಸ್ಸನ್ನೂ ನೋಯಿಸದೆ ಅವನ್ನು ಮತ್ತೆ ಹಾಕಿಕೊಳ್ಳಬಹುದು.

ಪೂರ್ತಿ ತೆಗೆದುಹಾಕಬೇಕಾದವರೂ ಇದ್ದಾರೆ, ಆ ವಿಷಯದಲ್ಲಿ ಹಿಂದೆಮುಂದೆ ನೋಡಬೇಡಿ. ಹೊತ್ತಲ್ಲದ ಹೊತ್ತಿನಲ್ಲಿ ಇನ್‌ಬಾಕ್ಸಿಗೆ ಸಲ್ಲದ ಮಾತು ಬರೆಯುವವರನ್ನು ಬ್ಲಾಕ್ ಮಾಡಿ. ಒಬ್ಬರದೇ ಹೆಸರು ಮತ್ತು ಫೋಟೊ ಎರಡು ಖಾತೆಗಳಲ್ಲಿ ಕಂಡರೆ ಅವುಗಳಲ್ಲೊಂದು ಹಣ ಕೇಳಲು ತೆರೆದ ನಕಲಿ ಖಾತೆಯಾಗಿರುವ ಸಾಧ್ಯತೆ ಹೆಚ್ಚು. ಆ ವ್ಯಕ್ತಿಗೆ ಫೋನ್ ಮಾಡಿ ಕೇಳಿ, ನಕಲಿಯನ್ನು ರಿಪೋರ್ಟ್ ಮಾಡಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆದರೆ ಯಾರೆಂದು ಸರಿಯಾಗಿ ನೆನಪಿಲ್ಲ ಎಂಬ ಒಂದೇ ಕಾರಣಕ್ಕೆ ಉಳಿದವರನ್ನು ಗುಡಿಸಿ ಹಾಕುವ ಮೊದಲು ಸ್ವಲ್ಪ ಯೋಚಿಸಿ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪರಿಚಯದವರ ಮೂಲಕ ಕೆಲಸ ಹಿಡಿದವರನ್ನು ವಿಚಾರಿಸಿದಾಗ, ಸುಳಿವು ಕೊಟ್ಟ ವ್ಯಕ್ತಿಯನ್ನು ಆಗಾಗ ಭೇಟಿಯಾಗುತ್ತಿದ್ದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ ಎಂದು ತಿಳಿದುಬಂತು. ಉಳಿದವರಿಗೆ ದಾರಿ ತೋರಿಸಿದವರು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವ ಪರಿಚಯದವರು. ಹತ್ತಿರದವರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದವರಿಂದ. ನಿಮ್ಮ ಧಾರವಾಡದ ಗೆಳತಿಯೂ ಒಂದು ಕಾಲಕ್ಕೆ ಯಾರೆಂದು ನೆನಪಿಲ್ಲದ ಒಂದು ಹೆಸರಾಗಿಯೇ ಇದ್ದಿರಬೇಕಲ್ಲವೇ?

ಇನ್ನು ನಿಮ್ಮ ಅಣ್ಣನ ವಿಷಯ. ಅವರ ಸಿಟ್ಟು ನಿಮಗೆ ಅತಿಯೆನಿಸಿರಬಹುದು, ಆದರೆ ನನಗೆ ಅದು ಅರ್ಥವಾಗುತ್ತದೆ. ನಿಮ್ಮ ಬೆರಳಿಗೆ ಅದು 200 ಹೆಸರುಗಳಲ್ಲಿ ಒಂದು. ಅವರ ಪಾಲಿಗೆ ತಂಗಿ ಬಾಗಿಲು ಹಾಕಿಕೊಂಡಂತೆ. ಮತ್ತೆ ಫ್ರೆಂಡ್ ರಿಕ್ವೆಸ್ಟ್ ಕಳಿಸಿ ಸುಮ್ಮನಾಗಬೇಡಿ, ಅದರಿಂದ ಗಾಯ ಮಾಯುವುದಿಲ್ಲ. ಒಂದು ಭಾನುವಾರ ಅವರ ಮನೆಗೆ ಹೋಗಿ, "ಅಣ್ಣ, ನೋಡದೆ ಮಾಡಿಬಿಟ್ಟೆ, ತಪ್ಪಾಯಿತು" ಎಂದು ಹೇಳಿಬಿಡಿ. ಅಣ್ಣತಂಗಿಯರ ನಡುವೆ ಅದಕ್ಕಿಂತ ಉದ್ದದ ವಿವರಣೆ ಬೇಕಾಗುವುದಿಲ್ಲ.

ಹಾಸನದ ಗೆಳತಿಯ ಹೆಸರಿನ ಮೇಲೆ ನಿಮ್ಮ ಬೆರಳು ನಿಂತದ್ದು ಒಳ್ಳೆಯದೇ ಆಯಿತು. ಆಕೆಯ ರಾಜಕೀಯ ಪೋಸ್ಟ್‌ಗಳನ್ನೂ ಆ ಕಾಮೆಂಟನ್ನೂ ದಯವಿಟ್ಟು ಬೇರೆಬೇರೆಯಾಗಿ ನೋಡಿ. ಮತ ಹಾಕುವ ಪಕ್ಷ ಬೇರೆಯಾದ ಮಾತ್ರಕ್ಕೆ ಮೂವತ್ತು ವರ್ಷದ ಗೆಳೆತನವನ್ನು ಬಿಡಬೇಕಾಗಿಲ್ಲ. ಒಂದೇ ಸೂರಿನಡಿ ಎರಡು ಪಕ್ಷದವರು ಊಟ ಮಾಡಿ ಮಲಗುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅನ್‌ಫಾಲೊ ಮಾಡಿ, ಆ ಪೋಸ್ಟ್‌ಗಳಿಂದ ನಿಮಗೆ ಬಿಡುಗಡೆ ಸಿಗುತ್ತದೆ. ಆದರೆ ಆ ಕಾಮೆಂಟಿಗೆ ಗುರಿಯಾದದ್ದು ನಿಮ್ಮ ತರಗತಿಯ ಒಂದು ಮಗು. ಬಣ್ಣದ ಪೆನ್ಸಿಲ್ ಹಿಡಿದು ಒಂದು ಮಧ್ಯಾಹ್ನವೆಲ್ಲ ಕುಳಿತು ಚಿತ್ರ ಬಿಡಿಸಿ, ಮೂಲೆಯಲ್ಲಿ ತನ್ನ ಹೆಸರನ್ನು ದುಂಡಗೆ ಬರೆದ ಮಗುವಿಗೆ ಆ ಹೆಸರಿಗಾಗಿಯೇ ಹೀನಾಯದ ಮಾತು ಸಿಕ್ಕಿತು. ನೀವು ಅಳಿಸುವ ಮೊದಲು ಆ ಮಗುವಿನ ತಾಯಿ ಅದನ್ನು ಓದಿರಲೂಬಹುದು. ಅಳಿಸಿದ್ದು ಸರಿ, ಸುಮ್ಮನಿದ್ದುಬಿಟ್ಟದ್ದು ಮಾತ್ರ ಸರಿಯಲ್ಲವೆಂದು ನಾನು ತಿಳಿಯುತ್ತೇನೆ, ಮತ್ತು ನಿಮಗೂ ಹಾಗನ್ನಿಸಿರುವುದರಿಂದಲೇ ನೀವು ಈ ಪತ್ರ ಬರೆದಿದ್ದೀರಿ. ಇನ್ನು ಮುಂದೆ ಮಕ್ಕಳ ಹೆಸರು ಕಾಣುವಂಥ ಚಿತ್ರಗಳನ್ನು ನಿಮ್ಮ ಸ್ವಂತ ಖಾತೆಯಲ್ಲಿ ಹಾಕದಿರುವುದೂ ಒಳಿತು.

ಆಕೆಗೆ ಫೋನ್ ಮಾಡಿ. ಮೆಸೇಜು ಬೇಡ, ವಾಟ್ಸಾಪ್ ವಾಯ್ಸ್ ನೋಟ್ ಕೂಡ ಬೇಡ. ಅದನ್ನು ನಾಲ್ಕು ಜನಕ್ಕೆ ಕಳಿಸಿ ಅಭಿಪ್ರಾಯ ಕೇಳುವ ಅವಕಾಶವಿರುತ್ತದೆ, ಆಗ ಇಬ್ಬರ ಮಾತು ಆರು ಜನರ ಜಗಳವಾಗುತ್ತದೆ. ಮೊದಲು ಆಕೆಯ ಮಕ್ಕಳ ವಿಷಯ, ತಾಯಿಯ ಆರೋಗ್ಯ ಕೇಳಿ, ಯಾಕೆಂದರೆ ದಿನಕ್ಕೆ ಆರು ಪೋಸ್ಟ್ ನೋಡುತ್ತಿದ್ದರೂ ಇದ್ಯಾವುದೂ ನಿಮಗೆ ಗೊತ್ತಿರಲಾರದು. ಆಮೇಲೆ ಪಕ್ಷ, ನಾಯಕರು, ಸುದ್ದಿ ಯಾವುದನ್ನೂ ನಡುವೆ ತಾರದೆ ಇಷ್ಟು ಮಾತ್ರ ಹೇಳಿ: "ನೀನು ಅವತ್ತು ಬರೆದದ್ದು ನನ್ನ ತರಗತಿಯ ಮಗುವಿನ ಬಗ್ಗೆ. ನನಗೆ ತುಂಬ ನೋವಾಯಿತು. ನಿನ್ನಿಂದ ಅಂಥ ಮಾತು ನಾನು ನಿರೀಕ್ಷಿಸಿರಲಿಲ್ಲ." ಹೇಳಿ ಸುಮ್ಮನಾಗಿ, ಆಕೆ ಮಾತಾಡುವವರೆಗೆ ಕಾಯಿರಿ. ಪರದೆಯ ಮೇಲೆ ಕಂಡ ಹೆಸರು ಆಕೆಗೆ ಬರೀ ಒಂದು ಹೆಸರಾಗಿದ್ದಿರಬಹುದು. ನಿಮ್ಮ ದನಿಯಲ್ಲಿ ಕೇಳಿದಾಗ ಅದು ಒಂದು ಮಗುವಾಗುತ್ತದೆ. ಅನೇಕರು ಅಲ್ಲಿ ತಡವರಿಸುತ್ತಾರೆ, ಕೆಲವರು ಅತ್ತುಬಿಡುತ್ತಾರೆ. ಆಕೆ ಹಾಗೆ ಮೆತ್ತಗಾದರೆ ಗೆಳೆತನ ಉಳಿಯಿತು. ಹಾಗಾಗದೆ, ಬರೆದದ್ದೇ ಸರಿಯೆಂದು ಆಕೆ ಸಾಧಿಸಿದರೆ, ಫೋನ್ ಇಟ್ಟಮೇಲೆ ಆ ಹೆಸರನ್ನು ಪಟ್ಟಿಯಿಂದ ತೆಗೆಯಿರಿ. ಹಾಸ್ಟೆಲಿನ ಮೂರು ವರ್ಷ ಅದರಿಂದ ಸುಳ್ಳಾಗುವುದಿಲ್ಲ. ಆದರೆ ಮಕ್ಕಳ ಟೀಚರಾಗಿ ನಿಮಗೆ ಆ ಮಗುವಿನ ಪರ ನಿಲ್ಲುವ ಕರ್ತವ್ಯವಿದೆ, ಅದನ್ನು ಗೆಳೆತನದ ಹಳೆಯ ಸಾಲದಲ್ಲಿ ವಜಾ ಮಾಡಿಕೊಳ್ಳಲು ಬರುವುದಿಲ್ಲ.

ಬಿಟ್ಟುಹೋದವರು ಶಾಶ್ವತವಾಗಿ ಕಳೆದುಹೋಗುತ್ತಾರೆಂಬ ಭಯವಿದ್ದರೆ ಆರ್ಕುಟ್ ಎಂಬ ಹಳೆಯ ಸಾಮಾಜಿಕ ಜಾಲತಾಣವನ್ನು ನೆನಪಿಸಿಕೊಳ್ಳಿ. 2014ರ ಸೆಪ್ಟೆಂಬರ್ 30ರಂದು ಅದು ಮುಚ್ಚಿದಾಗ ನನ್ನ ಪಟ್ಟಿಯ ಹೆಸರುಗಳೂ ಒಟ್ಟಿಗೆ ಮಾಯವಾದವು. ನನಗೆ ಬೇಕಾಗಿದ್ದವರನ್ನು ನಾನು ಹುಡುಕಿದೆ, ನಾನು ಬೇಕಾಗಿದ್ದವರು ನನ್ನನ್ನು ಹುಡುಕಿಕೊಂಡು ಬಂದರು.

ತೀರಿಕೊಂಡ ಸಹೋದ್ಯೋಗಿಯ ಹೆಸರನ್ನು ತೆಗೆಯಬೇಡಿ. ಅವರ ಮನೆಯವರೊಡನೆ ಮಾತಾಡಿ ನೋಡಿ: ಮರಣದ ದಾಖಲೆಯೊಂದಿಗೆ ಕೋರಿಕೆ ಸಲ್ಲಿಸಿದರೆ ಫೇಸ್‌ಬುಕ್ ಆ ಖಾತೆಯನ್ನು ಸ್ಮರಣೆಯ ಖಾತೆಯಾಗಿ ಬದಲಿಸುತ್ತದೆ. ಆಮೇಲೆ ಹುಟ್ಟುಹಬ್ಬದ ನೆನಪೋಲೆ ಬರುವುದಿಲ್ಲ, ಹಳೆಯ ಫೋಟೊಗಳು ಹಾಗೆಯೇ ಇರುತ್ತವೆ. ಮನೆಯವರಿಗೆ ಇಷ್ಟವಿಲ್ಲದಿದ್ದರೆ ಅದನ್ನು ಅಲ್ಲಿಗೇ ಬಿಡಿ.

ಕೊನೆಗೆ, ನೀವು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋದ ಆ ಧಾರವಾಡದವರು. ಹನ್ನೊಂದು ರಾತ್ರಿ ಎಂದು ಎಣಿಸಿ ಬರೆದಿದ್ದೀರಿ. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತವರಿಗಷ್ಟೇ ಅಂಥ ಎಣಿಕೆ ನೆನಪಿರುತ್ತದೆ. ಅವರು ಕೈಗಡವಾಗಿ ಕೊಟ್ಟ ಆ ರಾತ್ರಿಗಳನ್ನು ನೀವು ಇನ್‌ಬಾಕ್ಸಿನಲ್ಲೇ ಇಟ್ಟುಕೊಂಡಿದ್ದೀರಿ. ಈ ಹೆಸರಿನ ಮುಂದೆ 'ಇಬ್ಬರೂ ಹೋಗಿ' ಎಂದು ತಿದ್ದಿಕೊಳ್ಳುವ ಕಾಲ ಬಂದಿದೆ. ಮೊದಲು ಒಂದೆರಡು ಬಾರಿ ಫೋನಿನಲ್ಲಿ ಮಾತಾಡಿ, ಬೇಸಿಗೆ ರಜೆಯಲ್ಲಿ ಅವರಿಗೆ ಅನುಕೂಲವಾದ ದಿನ ಕೇಳಿಕೊಳ್ಳಿ. ನಿಮ್ಮೂರಿನ ಸ್ಟೇಷನ್ನಿನಿಂದ ಧಾರವಾಡದ ಕಡೆಗೆ ನೇರ ರೈಲುಗಳಿವೆ. ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಆ ಹನ್ನೊಂದು ರಾತ್ರಿ ಅವರು ಯಾರ ಆರೋಗ್ಯ ವಿಚಾರಿಸಿದರೋ ಆ ಮನುಷ್ಯನನ್ನು ಅವರೂ ಕಣ್ಣಾರೆ ನೋಡಲಿ. ಹೋಗುವಾಗ ತಿಪಟೂರಿನ ಒಳ್ಳೆಯ ಕೊಬ್ಬರಿ ಒಂದಿಷ್ಟು ಕಟ್ಟಿಕೊಂಡು ಹೋಗುವುದನ್ನು ಮರೆಯಬೇಡಿ.