ಬೇಸ್ ಮ್ಯೂಸಿಕ್ ಫೋನಿನಲ್ಲಿ ಯಾಕೆ ಕೇಳಿಸಲ್ಲ?

ಗೋಣಿಕೊಪ್ಪದ ನಿಮ್ಮ ತಮ್ಮನ ಮಗ ಲ್ಯಾಪ್‌ಟಾಪಿನಲ್ಲೇ ಮಾಡಿ ಬಿಡುಗಡೆ ಮಾಡಿದ ಬೇಸ್ ಮ್ಯೂಸಿಕ್ (ತಗ್ಗಿನ ಸದ್ದೇ ಮುಖ್ಯವಾದ ಸಂಗೀತ) ನಿಮ್ಮ ಫೋನಿನಲ್ಲಿ ಬರೀ 'ಟಿಕ್ ಟಿಕ್' ಅನ್ನುತ್ತದೆ, ಇದೆಂಥ ಸಂಗೀತ ಅಂತ ಕೇಳಿದ್ದೀರಿ. ತಪ್ಪು ಹುಡುಗನದಲ್ಲ, ಫೋನಿನದು.

ಈ ಬಗೆಯ ಸಂಗೀತದ ಜೀವ ಇರುವುದು ಸುಮಾರು 30ರಿಂದ 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ತಗ್ಗಿನ ಸದ್ದಿನಲ್ಲಿ. ನಮ್ಮ ಕಿವಿಯ ಕೆಳಮಿತಿಯೇ 20. ಅಷ್ಟು ತಗ್ಗಿನ ಸದ್ದಿಗೆ ತುಂಬಾ ಗಾಳಿ ತಳ್ಳಬೇಕು; 40 ಹರ್ಟ್ಸ್‌ನ ಒಂದು ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ. ಉಗುರಿನಷ್ಟು ಸ್ಪೀಕರ್ ಎಲ್ಲಿಂದ ತಳ್ಳೀತು? ಮದುವೆಮನೆಯಲ್ಲಿ ವಾಲಗದ ಡೋಲು ಎದೆಗೇ ಬಡಿಯುತ್ತದಲ್ಲ, ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ, ತಗಡು ತಟ್ಟಿದ ಹಾಗಿರುತ್ತದೆ.

ಕೆಲವು ಪ್ರೊಡ್ಯೂಸರ್‌ಗಳು ಫೋನಿನಲ್ಲೂ ಕೇಳಿಸಲಿ ಅಂತ ಬೇಸ್‌ಗೆ ಬೇಕಂತಲೇ ಡಿಸ್ಟಾರ್ಷನ್ ಸೇರಿಸುತ್ತಾರೆ, ಅಂದರೆ ಸದ್ದನ್ನು ಸ್ವಲ್ಪ ಒರಟು ಮಾಡುತ್ತಾರೆ. ಆಗ 50ರ ಸ್ವರಕ್ಕೆ 100, 150, 200, 250 ಹೀಗೆ ಮರಿಗಳು ಹುಟ್ಟುತ್ತವೆ. ಮೇಲಿನವು ಕೇಳಿಸಿದರೆ ಸಾಕು, ಇಲ್ಲದ 50ನ್ನು ಮಿದುಳೇ ತುಂಬಿಕೊಳ್ಳುತ್ತದೆ. ಸಂಗೀತದಲ್ಲಿ ಪ್ರಯೋಗ ಮಾಡುವವರು ಎಷ್ಟೋ ಸಲ ಈ ರಾಜಿಗೆ ಒಪ್ಪುವುದಿಲ್ಲ. ನನಗಂತೂ ಅದೇ ಸರಿ ಅನಿಸುತ್ತದೆ.

ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ ಕೇಳಿ, ಇಲ್ಲವೇ ಸಬ್‌ವೂಫರ್ (ತಗ್ಗಿನ ಸದ್ದಿಗೆಂದೇ ಇರುವ ದೊಡ್ಡ ಸ್ಪೀಕರ್) ಇರುವ ಕಾರಿನಲ್ಲಿ. ಶೀಟಿನ ಮೇಲೆ ಜಡಿಮಳೆ ಸುರಿಯುವಾಗ ಮಾತ್ರ ಬೇಡ.