ಹಕ್ಕಿಗಳ ಕೆರೆ: ಒಂದು ದಿನದ ಎಣಿಕೆ ಸಾಕೆ?

ಪ್ರಶ್ನೆ: ನಮ್ಮ ಕೆರೆಯಲ್ಲಿ ಒಂದೇ ದಿನ 22,000 ನೀರುಹಕ್ಕಿ ಎಣಿಸಿದ್ದೇವೆ. ಜೌಗುಪ್ರದೇಶಗಳನ್ನು ಕಾಪಾಡುವ ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದದಡಿ ಕೆರೆಯನ್ನು ಮಹತ್ವದ ತಾಣವೆಂದು ಗುರುತಿಸಲು ಮಾನದಂಡ 20,000 ಅಲ್ಲವೇ? ಇಷ್ಟು ಸಾಲದೇ?

ಉತ್ತರ: ಸಾಲದು. ಆ ಮಾನದಂಡದ ಜೀವವಿರುವುದು ‘ನಿಯಮಿತವಾಗಿ’ ಎಂಬ ಮಾತಿನಲ್ಲಿ. ಕನಿಷ್ಠ ಮೂರು ಋತುಗಳ ನಂಬಬಹುದಾದ ಲೆಕ್ಕ ಬೇಕು, ಅದರಲ್ಲಿ ಮೂರನೇ ಎರಡು ಪಾಲು ಋತುಗಳಲ್ಲಾದರೂ ಅಷ್ಟು ಹಕ್ಕಿ ಬಂದಿರಬೇಕು. ಇಲ್ಲವೇ ಐದು ವರ್ಷಗಳ ಗರಿಷ್ಠ ಎಣಿಕೆಗಳ ಸರಾಸರಿ ಆ ಮಟ್ಟ ಮುಟ್ಟಬೇಕು. ಅಕ್ಕಪಕ್ಕದ ಕೆರೆಗಳು ಬತ್ತಿದ ವರ್ಷ ಎಲ್ಲ ಹಕ್ಕಿಯೂ ನಿಮ್ಮಲ್ಲಿಗೇ ಬಂದಿರಬಹುದು. ಒಂದು ದಿನದ ಸಂಖ್ಯೆಯಿಂದ ಅದು ತಿಳಿಯುವುದಿಲ್ಲ.

ತಿಂಗಳ ಲೆಕ್ಕಗಳನ್ನು ಸುಮ್ಮನೆ ಕೂಡಿಸಲೂಬೇಡಿ. ನವೆಂಬರಿನಲ್ಲಿ 9,000, ಡಿಸೆಂಬರಿನಲ್ಲಿ 14,000, ಜನವರಿಯಲ್ಲಿ 11,000 ಕಂಡರೆ ಆ ಋತುವಿಗೆ ಬರೆಯಬೇಕಾದದ್ದು 14,000. ಕೂಡಿಸಿದರೆ ಒಂದೇ ಬಾತು ಮೂರು ಸಲ ಲೆಕ್ಕಕ್ಕೆ ಬಂದಿರುತ್ತದೆ.

20,000 ಮುಟ್ಟಲಿಲ್ಲವೆಂದು ಕೈಚೆಲ್ಲಬೇಕಿಲ್ಲ. ಯಾವುದಾದರೂ ಒಂದು ಪ್ರಭೇದದ ಅಥವಾ ಉಪಪ್ರಭೇದದ ಒಂದು ಸಮುದಾಯದ, ಅಂದರೆ ಒಂದು ಪ್ರದೇಶಕ್ಕೆ ಇಲ್ಲವೇ ವಲಸೆ ದಾರಿಗೆ ಸೇರಿದ ಆ ಜಾತಿಯ ಒಟ್ಟು ಹಕ್ಕಿಗಳ, ಶೇ 1ರಷ್ಟು ನಿಯಮಿತವಾಗಿ ಬಂದರೂ ಸಾಕು. ಆ ಸಮುದಾಯದಲ್ಲಿ 25,000 ಹಕ್ಕಿಗಳಿದ್ದರೆ ನಿಮಗೆ ಬೇಕಾದದ್ದು ಬರೀ 250. ಸಣ್ಣ ಕೆರೆಗಳಿಗೆ ಈ ದಾರಿಯೇ ಮೇಲು.

ಪ್ರಶ್ನೆ: ದೊಡ್ಡ ಹಿಂಡನ್ನು ಎಣಿಸುವಾಗ ಇಬ್ಬರ ಲೆಕ್ಕ ಎಂದೂ ತಾಳೆಯಾಗುವುದಿಲ್ಲ. ಏನು ಮಾಡೋಣ?

ಉತ್ತರ: ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ. ಆ ಹತ್ತು ಟೆಲಿಸ್ಕೋಪಿನ ನೋಟದಲ್ಲಿ ಎಷ್ಟು ಜಾಗ ಹಿಡಿಯುತ್ತವೆ ಎಂಬುದು ಕಣ್ಣಿಗೆ ಕೂತ ಮೇಲೆ ಅದೇ ಅಳತೆಯಿಂದ ಐವತ್ತು, ಆಮೇಲೆ ನೂರು. ಹಿಂಡಿನ ನಡುವೆ ದಟ್ಟವಾಗಿಯೂ ಅಂಚಿನಲ್ಲಿ ಚದುರಿಯೂ ಇರುತ್ತವೆ, ಹಾಗಾಗಿ ಅಳತೆಯನ್ನು ಎರಡು ಕಡೆ ಬೇರೆಬೇರೆಯಾಗಿ ಹಿಡಿಯಿರಿ. ಹಿಂಡು ದೊಡ್ಡದಾದಷ್ಟೂ ಕಣ್ಣು ಕಡಿಮೆ ಹೇಳುತ್ತದೆ; ಅಲ್ಲೇ ಫೋಟೊ ತೆಗೆದು ಮನೆಯಲ್ಲಿ ಚುಕ್ಕಿ ಹಾಕುತ್ತ ಎಣಿಸಿದರೆ ನಿಮ್ಮ ತಪ್ಪು ಎಷ್ಟೆಂದು ಗೊತ್ತಾಗುತ್ತದೆ. ಸೂರ್ಯ ಬೆನ್ನಿಗಿರಲಿ. ನಡುವೆ ಗಿಡುಗ ಎರಗಿ ಹಿಂಡು ಎದ್ದಿತೋ, ಮೊದಲಿಂದ ಶುರು ಮಾಡಿ.

ಹಕ್ಕಿಗಳು ಮೇಯುವುದು ಬಿಟ್ಟು ಕತ್ತೆತ್ತಿದರೆ ನೀವು ಹತ್ತಿರ ಹೋದದ್ದು ಹೆಚ್ಚಾಯಿತು ಎಂದರ್ಥ. ಹಾರುವವರೆಗೆ ಕಾಯದೆ ಹಿಂದೆ ಸರಿಯಿರಿ.

ಪ್ರಶ್ನೆ: ಹಕ್ಕಿಗಳಿಗಾಗಿ ಹೂಳು ತೆಗೆಸಿ, ದಡದ ಸುತ್ತ ಮರ ನೆಡಬೇಕೆಂದಿದ್ದೇವೆ.

ಉತ್ತರ: ದಯವಿಟ್ಟು ತಡೆಯಿರಿ! ಒಳ್ಳೆಯ ಮನಸ್ಸಿನಿಂದ ಕೆರೆ ಕೆಡುವುದು ಹೀಗೇ. ದಂಡೆಯ ಕೆಸರಿನಲ್ಲಿ ಮೇಯುವ ಸಣ್ಣ ಉಲ್ಲಂಕಿ ಹಕ್ಕಿಗಳಿಗೆ ನಾಲ್ಕೈದು ಸೆಂಟಿಮೀಟರ್ ನೀರಾದರೆ ಆಯಿತು, ಕೊಕ್ಕು ಕೆಸರಿಗೆ ಎಟುಕಬೇಕಷ್ಟೆ. ತಲೆ ಕೆಳಗೆ ಮಾಡಿ, ಬಾಲ ಮೇಲೆತ್ತಿ ಮೇಯುವ ಬಾತುಗಳಿಗೂ ಸುಮಾರು 30 ಸೆಂಟಿಮೀಟರ್ ದಾಟಿದರೆ ತಳ ಸಿಗುವುದಿಲ್ಲ. ಅಂಚನ್ನು ಗೋಡೆಯಂತೆ ಕಡಿದು ಎರಡು ಮೀಟರ್ ಆಳ ಮಾಡಿದರೆ ಉಳಿಯುವುದು ಮುಖ್ಯವಾಗಿ ಮುಳುಗಿ ಬೇಟೆಯಾಡುವ ನೀರುಕಾಗೆ, ಗುಳುಮುಳುಕಗಳು. ಹೂಳು ತೆಗೆಯಲೇಬೇಕಿದ್ದರೆ ನಡುವಿನಲ್ಲಿ ಮಾತ್ರ ತೆಗೆಸಿ. ಇಳಿಜಾರಿನ ಕೆಸರು ದಂಡೆಯನ್ನು ಮುಟ್ಟಬೇಡಿ.

ಮರದ ಮಾತೂ ಅಷ್ಟೆ. ಬಯಲಲ್ಲಿ ಮೇಯುವ ಹಕ್ಕಿಗೆ ದೂರದವರೆಗೂ ಕಾಣಬೇಕು, ದಂಡೆಯ ಮರ ಗಿಡುಗಕ್ಕೆ ಹೊಂಚುಗಟ್ಟೆಯಾಗುತ್ತದೆ. ಗೂಡು ಕಟ್ಟುವ ಹಳೆಯ ಮರಗಳಿದ್ದರೆ ಅವನ್ನು ಉಳಿಸಿ, ಹೊಸದು ಬೇಡ.

ರಾಮ್ಸಾರ್ ತಾಣಕ್ಕಾಗಿ ಕೆರೆಯ ಗಡಿ ಗುರುತಿಸುವಾಗ ನೀರಿನ ಅಂಚಿಗೇ ನಿಲ್ಲಿಸಬೇಡಿ. ಹೆಬ್ಬಾತುಗಳು ರಾತ್ರಿ ನೀರಿನಲ್ಲಿ ತಂಗಿ ಮೇಯಲು ಹೊಲಗಳಿಗೆ ಹೋಗುತ್ತವೆ. ಸಂಜೆ ಅವು ಯಾವ ದಿಕ್ಕಿನಿಂದ ಬರುತ್ತವೆಂದು ನೋಡಿ, ಆ ಹೊಲಗಳನ್ನೂ ನಕ್ಷೆಯಲ್ಲಿ ಸೇರಿಸಿ.